ಕಡಿದ ಕಾಯಿ ಎಲ್ಲಿಗೆ ಹೋಗುತ್ತದೆ

ಆಟದ ಸ್ಕ್ರೀನಿನ ಮೇಲೆ ಸಾಲಾಗಿ ನಿಂತಿದ್ದವರಲ್ಲಿ ಅತಿ ದೊಡ್ಡ ಕೊಡಲಿ ಹಿಡಿದ ಹೆಂಗಸನ್ನು ನೋಡಿ, "ಇವಳೇ ನಾನು," ಎಂದಳು ನನ್ನ ತಂಗಿ, ಕುಣಿಗಲ್‌ನಿಂದ, ಫೋನಿನ ಸ್ಪೀಕರ್‌ನಲ್ಲಿ. ನಾನು ತುಮಕೂರಿನ ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಡಿಗ್ನಿಫೈಡ್ ಆಗಿ ಕಂಡ ಒಬ್ಬ ಮಾಟಗಾತಿಯನ್ನು ಆರಿಸಿಕೊಂಡೆ. ಅವಳ ಕೈಯಲ್ಲಿ ಪುಸ್ತಕವಿತ್ತು, ಅದಕ್ಕೇ.

ಇದೆಲ್ಲ ನನ್ನ ಸೊಸೆ ಹಚ್ಚಿದ ಹುಚ್ಚು. ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್ ಅವಳು. ಭಾನುವಾರ ಕೂತು ಈ ಆಟ ಆಡುತ್ತಿದ್ದಳು. ವಿಡಿಯೋ ಗೇಮ್ ಎಂದರೆ ಓಡುತ್ತಾ ಗುಂಡು ಹಾರಿಸುವುದು ಎಂದೇ ತಿಳಿದಿದ್ದವಳು ನಾನು. ಇಲ್ಲಿ ನೋಡಿದರೆ ಒಬ್ಬರು ಆಡುವಾಗ ಉಳಿದವರೆಲ್ಲ ಸುಮ್ಮನೆ ನಿಂತಿದ್ದಾರೆ, ರಾಕ್ಷಸರು ಕೂಡ! "ವೇಟ್ ಫಾರ್ ಯುವರ್ ಟರ್ನ್" ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಹೇಳಿ ಹೇಳಿ ಸೋತಿದ್ದರು. ಈ ರಾಕ್ಷಸರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಕತ್ತಿ ಬೀಸುವ ಮೊದಲು ಒಂದು ದಾಳ ಉರುಳಬೇಕು, ಬೀಗ ತೆಗೆಯುವ ಮೊದಲೂ ಉರುಳಬೇಕು.

"ಇದು ಚೌಕಾಬಾರ ಕಣೇ!" ಎಂದೆ.

"ಹೊರದೇಶದಲ್ಲಿ ಟೇಬಲ್ ಮೇಲೆ ದಾಳ, ಪೇಪರ್ ಇಟ್ಕೊಂಡು ಆಡ್ತಿದ್ರಂತೆ ಅತ್ತೆ. ಅದನ್ನೇ ಕಂಪ್ಯೂಟರ್‌ಗೆ ತಂದಿದಾರೆ. ಬೇರೆ ಬೇರೆ ಮನೇಲಿದ್ರೂ ಜೊತೇಲಿ ಆಡ್ಬೋದು. ಚಿಕ್ಕತ್ತೆನ ಕರೀರಿ," ಎಂದಳು.

ಚಿಕ್ಕತ್ತೆ ಎಂದರೆ ನನ್ನ ತಂಗಿ. ಕರೆಯಲು ನನಗೆ ಧೈರ್ಯ ಬರಲಿಲ್ಲ. ಗುಬ್ಬಿಯ ಮನೆಯ ಜಗುಲಿಯಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ನಾವಿಬ್ಬರೂ ಕವಡೆ ಹಾಕುತ್ತಿದ್ದೆವು. ಅವಳ ಕಾಯಿಯನ್ನು ನಾನು ಕಡಿದರೆ ಮುಗಿಯಿತು, ಕವಡೆಯನ್ನೆಲ್ಲ ಬರಬರನೆ ಬಾಚಿಕೊಂಡು ಎದ್ದು ಹೋಗುವಳು. ಆಮೇಲೆ ನನ್ನನ್ನು ತುಮಕೂರಿನ ಕಾನ್ವೆಂಟಿಗೆ ಹಾಕಿದರು. ಅವಳು ಗುಬ್ಬಿಯ ಶಾಲೆಯಲ್ಲೇ ಉಳಿದಳು. ರಜೆಗೆ ಬಂದ ನನ್ನನ್ನು ನೋಡಿ "ದೊರೆಸಾನಿ ಬಂದ್ಲು" ಎಂದವಳು ಮತ್ತೆ ಆಟಕ್ಕೆ ಕೂರಲಿಲ್ಲ. ಈಗ ಅವಳಿಗೆ ಮಂಡಿ, ನನಗೆ ಸೊಂಟ. ಬಸ್ ಹತ್ತಲಾರೆವು. ಫೋನಿನಲ್ಲಿ "ಊಟ ಆಯ್ತಾ", "ಆಯ್ತು", "ಇಡ್ಲಾ", "ಇಡು". ಅಷ್ಟೇ.

ಕೊನೆಗೆ ಸೊಸೆಯೇ ಕುಣಿಗಲ್‌ಗೆ ಹೋಗಿ, ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಕಲಿಸಿ ಬಂದಳು. ಇಂಗ್ಲಿಷಿನ ಸಾಲುಗಳನ್ನು ನಾನು ಓದಿ ಹೇಳುತ್ತಿದ್ದೆ. ತಂಗಿಗೆ ಆಟ ಹಿಡಿಸಿತು. ನನಗೆ ಹಿಡಿಸಿದ್ದು ಅವಳ ದನಿ. ಹಾಗಾಗಿ ಪ್ರತಿ ಕಾಳಗದಲ್ಲೂ ನನ್ನದೊಂದೇ ಹೆದರಿಕೆ: ತನ್ನ ಕಾಯಿ ಬಿದ್ದರೆ ತಂಗಿ ಎದ್ದು ಹೋಗುತ್ತಾಳೆ.

ಬಿದ್ದೇ ಬಿತ್ತು. ಅವತ್ತು ಸೊಸೆ ಕೆಲಸಕ್ಕೆ ಹೋಗಿದ್ದಳು. ಮುರುಕು ಸೇತುವೆಯ ಬಳಿ ನಾನು ಬಂಡೆಯ ಮರೆಯಲ್ಲಿ ನಿಂತಿದ್ದೆ.

"ಮುಂದೆ ಹೋಗ್ಬೇಡ್ವೇ!"

"ನೀನ್ ಅಲ್ಲೇ ಪುಸ್ತಕ ಓದ್ಕೊಂಡ್ ನಿಂತಿರು ಬುಡು," ಎಂದು ಅವಳು ನುಗ್ಗಿದಳು. ಕುಳ್ಳ ರಾಕ್ಷಸರು ಸುತ್ತುವರಿದರು. ಕೊಡಲಿಯ ಹೆಂಗಸು ದೊಪ್ಪನೆ ಬಿದ್ದಳು.

"ಅಕ್ಕ, ಕಡುದ್ಬುಟ್ರು. ಮನೆಗೋಯ್ತಾ ನನ್ ಕಾಯಿ?"

ನಾನೂ ಅದನ್ನೇ ಹುಡುಕುತ್ತಿದ್ದೆ. ಚೌಕಾಬಾರದಲ್ಲಿ ಕಡಿದ ಕಾಯಿ ಸಾಯುವುದಿಲ್ಲವಲ್ಲ. ತನ್ನ ಮನೆಗೆ ಹೋಗಿ, ಕವಡೆಯಲ್ಲಿ ಗರ ಬಿದ್ದಾಗ ಮೊದಲಿಂದ ಹೊರಡುತ್ತದೆ. ನಾವು ಆಟ ಶುರು ಮಾಡಿದ ಜಾಗದವರೆಗೂ ಮ್ಯಾಪನ್ನು ಎಳೆದು ನೋಡಿದೆ. ಅವಳಿರಲಿಲ್ಲ. "ಇನ್ನೂ ಬಂದಿಲ್ಲ ಕಣೇ."

"ಗರ ಬೀಳ್ಬೇಕೇನೋ."

ಇಬ್ಬರೂ ಕಾದೆವು. ಅವಳ ಸರದಿ ಬಂದಾಗ ದಾಳ ತಾನಾಗಿಯೇ ಉರುಳಿತು. ಅವಳ ಚಿತ್ರದ ಪಕ್ಕ ಒಂದು ಕೆಂಪು ಗುರುತು ಬಿತ್ತು. ಕನ್ನಡಕ ಸರಿಮಾಡಿಕೊಂಡು ಓದಿದೆ: "ಡೆತ್ ಸೇವಿಂಗ್ ಥ್ರೋ."

"ಡೆತ್ ಅಂದ್ರೆ ನಂಗೂ ಗೊತ್ತು. ಅದುಕ್ಕೇನ್ ಕಾನ್ವೆಂಟಿಗೆ ಹೋಗ್ಬೇಕಾಗಿಲ್ಲ. ಸಾಕು ಬುಡಕ್ಕ. ನಾನ್ ಏಳ್ತೀನಿ."

ಫೋನಿನೊಳಗೆ ಕುರ್ಚಿ ಜರುಗಿದ ಸದ್ದು. ನನಗೆ ಕವಡೆ ಬಾಚಿದ ಹಾಗೇ ಕೇಳಿಸಿತು.

"ಇರೇ, ಇರೇ! ಸೇವಿಂಗ್, ಉಳಿಸೋದು ಅಂತಲೂ ಇದೆ ಕಣೇ. ಪೂರ್ತಿ ಓದೋಕೆ ಬಿಡು."

ಮೌಸಿನ ಬಾಣದ ಗುರುತನ್ನು ಮೆಲ್ಲಗೆ ಬಿದ್ದವಳ ಮೇಲೆ ತಂದೆ. ಎಲ್ಲಿಗೂ ಹೋಗಿರಲಿಲ್ಲ ಅವಳು, ಬಿದ್ದಲ್ಲೇ ಇದ್ದಳು. ಕೆಳಗಿನ ಬಟನ್‌ಗಳನ್ನು ಒಂದೊಂದಾಗಿ ಜೋರಾಗಿ ಓದುತ್ತಾ ಹೋದರೆ ಒಂದು ಪುಟ್ಟ ಕೈಯ ಚಿತ್ರ, ಪಕ್ಕದಲ್ಲಿ ಹೆಲ್ಪ್. ಮಾಟಗಾತಿ ಮರೆ ಬಿಟ್ಟು ಬರಲೇಬಾರದು ಎಂದು ಸೊಸೆ ಹೇಳಿಕೊಟ್ಟಿದ್ದಳು. ಒಂದೇಟೂ ತಡೆಯದ ಜೀವ ಆ ಮಾಟಗಾತಿಯದು. ಬಂಡೆ ಬಿಟ್ಟು ಬಯಲಲ್ಲಿ ಅವಳನ್ನು ಬಿದ್ದವಳ ಬಳಿಗೆ ನಡೆಸಿದೆ. ಒತ್ತಿದೆ.

"ಅಯ್ಯೋ, ಎದ್ಲು! ಅಕ್ಕ, ಎದ್ಲು ಕಣಕ್ಕ!" ತಂಗಿ ಕೇಕೆ ಹಾಕಿದಳು. ಕುರ್ಚಿ ಮತ್ತೆ ಹತ್ತಿರ ಜರುಗಿತು.

ರಾಕ್ಷಸರಿಗೆ ನಮ್ಮ ಸಂತೋಷವೇನು ಗೊತ್ತು? ಅವರ ಟರ್ನ್. ಬಾಣವೊಂದು ಬಂದು ನಾಟಿ ನನ್ನ ಮಾಟಗಾತಿ ಪುಸ್ತಕದ ಸಮೇತ ಮಗುಚಿಕೊಂಡಳು.

ಈಗ ತಂಗಿಯ ಸರದಿ. ಅವಳ ಕೊಡಲಿಗೆ ಎಟುಕುವಷ್ಟು ಹತ್ತಿರದಲ್ಲೇ ರಾಕ್ಷಸರ ನಾಯಕ ನಿಂತಿದ್ದ, ಅವನ ಜೀವದ ಪಟ್ಟಿ ನೂಲಿನಷ್ಟು ಉಳಿದಿತ್ತು, ಒಂದೇಟು ಸಾಕು. ಕಡಿಯಲು ಸಿಕ್ಕಿದ ಕಾಯಿಯನ್ನು ನನ್ನ ತಂಗಿ ಬಿಟ್ಟಿದ್ದನ್ನು ನಾನು ಗುಬ್ಬಿಯಲ್ಲಿ ಒಮ್ಮೆಯೂ ಕಂಡವಳಲ್ಲ. ಅವಳ ಮನೆಯ ಕುಕ್ಕರ್ ಕೂಗಿತು. ಅವಳು ಏಳಲಿಲ್ಲ.

"ಅಕ್ಕ," ಎಂದಳು, "ಆ ಹೆಲ್ಪ್ ಅನ್ನೋದು ಎಲ್ಲೈತೆ? ಓದಿ ಹೇಳು."