ಎದುರಂಗಡಿಯ ಉಪಕಾರ

ಆ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದವನಿಗೆ ತೂಗಣ್ಣ ಎಂಬ ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಅಂಗಡಿಯ ಬೆಂಚನ್ನು ಬಾಗಿಲಿನ ಎಡಕ್ಕೆ ಹಾಕಬೇಕೋ ಬಲಕ್ಕೋ ಎಂದು ಅವನು ಒಂದು ಬೇಸಿಗೆಯಿಡೀ ತೂಗಿ ನೋಡಿದ್ದ. ಎಡಕ್ಕೆ ಹಾಕಿದರೆ ಕಾಯುವವರಿಗೆ ನೆರಳು. ಬಲಕ್ಕೆ ಹಾಕಿದರೆ ಕೂತವರು ಬೀದಿಗೆ ಕಾಣುತ್ತಾರೆ. ಜನ ಕೂತಿರುವ ಅಂಗಡಿಗೇ ಜನ ಬರುವುದು. ಕೊನೆಗೆ ಬಲಕ್ಕೆ ಹಾಕಿ ಮೇಲೊಂದು ಟಾರ್ಪಾಲು ಕಟ್ಟಿದ. ತನ್ನನ್ನು ಮದುವೆಯಾಗಲು ಒಪ್ಪುವಾಗಲೂ ಹೀಗೇ ತೂಗಿದ್ದನೆಂದು ಅವನ ಹೆಂಡತಿ ಇವತ್ತಿಗೂ ಮೂಗು ಮುರಿಯುತ್ತಾಳೆ.

ಅಂಥವನ ಅಂಗಡಿಯ ಎದುರಿಗೇ ಇನ್ನೊಂದು ಸೆಲೂನ್ ಶುರುವಾಯಿತು. ಗಾಜಿನ ಬಾಗಿಲು, ತಿರುಗುವ ಕುರ್ಚಿ, ನೀರು ಚಿಮ್ಮುವ ಹೊಸ ಬಾಟಲಿ. ನಡುವಯಸ್ಸಿನ ಒಬ್ಬನೇ ಆಸಾಮಿ, ಮುಖ ತುಂಬ ನಗು. ತೂಗಣ್ಣನಿಗೆ ಆ ನಗುವೇ ಹಿಡಿಸಲಿಲ್ಲ. ಪೈಪೋಟಿಗೆ ಬಂದವನು ಗುರಾಯಿಸಬೇಕು, ಇಲ್ಲವೇ ಮುಖ ತಿರುಗಿಸಬೇಕು. ಇವನೇಕೆ ನಗುತ್ತಾನೆ?

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಗಡ್ಡ ಕೆರೆಯುತ್ತ ಒಳಗೆ ಬಂದರು.

“ಎದುರಿನವರೇ ಕಳಿಸಿದ್ರಪ್ಪ. ಶೇವಿಂಗ್ ಅಂದ್ರೆ ನಿಮ್ಮದೇ ಕೈ ಅಂತೆ.”

ತೂಗಣ್ಣ ನೊರೆ ಕಲಕುತ್ತಿದ್ದ ಬ್ರಷ್ಷನ್ನು ಅಲ್ಲೇ ನಿಲ್ಲಿಸಿದ. ಮೇಷ್ಟ್ರ ನಂತರ ಲಾರಿ ಡ್ರೈವರ್ ಬಂದ, ಆಮೇಲೆ ಔಷಧಿ ಅಂಗಡಿಯವನ ಮಾವ ಬಂದರು. ಎಲ್ಲರಿಗೂ ಗಡ್ಡವೇ ಆಗಬೇಕು, ಎಲ್ಲರನ್ನೂ ಕಳಿಸಿದವನು ಎದುರಿನವನೇ.

“ಒಳ್ಳೆಯವನೇ ಇರಬೇಕು ಬಿಡಿ,” ಎಂದಳು ಹೆಂಡತಿ, ಊಟಕ್ಕೆ ಬಡಿಸುತ್ತ.

“ಒಳ್ಳೆಯವನಾ? ನನ್ನ ಬೆಂಚು ತುಂಬ ಗಡ್ಡದವರನ್ನೇ ಕೂರಿಸ್ತಾನೆ. ಕಟಿಂಗಿಗೆ ಬಂದವರು ಜಾಗ ಇಲ್ಲ ಅಂತ ಅವನ ಕುರ್ಚಿಗೆ ಹೋಗ್ತಾರೆ. ಬೆವರು ನಂದು, ಗಿರಾಕಿ ಅವಂದು. ಗಾಳ ಹಾಕ್ತಾ ಇದಾನೆ, ಗೊತ್ತಾಗಲ್ವಾ ನಿನಗೆ?”

“ಹೋಗಿ ಕೇಳಿಬಿಡ್ರೀ.”

“ಕೇಳಿದ್ರೆ ಹೇಳಿಬಿಡ್ತಾನಾ? ನಾನಾಗಿದ್ರೆ ಹೇಳ್ತಿರಲಿಲ್ಲ.”

“ನೀವಾಗಿದ್ರೆ ಕಳಿಸ್ತಾನೂ ಇರಲಿಲ್ಲ,” ಎಂದು ಅವಳು ಪಾತ್ರೆ ಎತ್ತಿಕೊಂಡು ಹೋದಳು.

ಗಡ್ಡದವರನ್ನು ಬಾಗಿಲಲ್ಲೇ ವಾಪಸ್ ಕಳಿಸಿದರೆ ಹೇಗೆ ಎಂದು ತೂಗಣ್ಣ ಯೋಚಿಸಿದ. ಕಳಿಸಿಬಿಟ್ಟರೆ ಸುಲಭ, ಆದರೆ ಹೋದ ಗಿರಾಕಿಯನ್ನು ಮತ್ತೆ ಕರೆತರುವುದು ಸುಲಭವಲ್ಲ. ತಿರುಗಿ ಬರಲಾಗದ ದಾರಿಗೆ ಕಾಲಿಡುವ ಮುನ್ನ ಎದುರಾಳಿಯ ಮನಸ್ಸು ತಿಳಿಯಬೇಕು ಎಂದುಕೊಂಡ. ಒಂದು ಮಧ್ಯಾಹ್ನ ತಾನೇ ಬೀದಿ ದಾಟಿ, ಗಾಜಿನ ಬಾಗಿಲು ತಳ್ಳಿ, ಹೊಸ ಕುರ್ಚಿಯಲ್ಲಿ ಕೂತ.

“ಒಂದು ಶೇವಿಂಗ್ ಮಾಡಿ.”

ಎದುರಿನವನ ಮುಖದ ನಗು ಇಳಿದುಹೋಯಿತು. “ಅಯ್ಯೋ ಅಣ್ಣ, ನಿಮ್ಮಂಥವರ ಮುಖಕ್ಕೆ ನಾನು ಕತ್ತಿ ಇಡೋದಾ? ಬ್ಲೇಡ್ ಬೇರೆ ಖಾಲಿ ಆಗಿದೆ.”

ಕನ್ನಡಿಯ ಕೆಳಗೆ ಬ್ಲೇಡಿನ ಹೊಸ ಪೊಟ್ಟಣ ಕಣ್ಣಿಗೆ ಹೊಡೆಯುವಂತೆ ಕೂತಿತ್ತು. ತೂಗಣ್ಣ ಎದ್ದು ಬಂದ. ಸುಳ್ಳು ಹೇಳಿದ ಎಂಬುದಂತೂ ಖಾತ್ರಿಯಾಯಿತು. ಯಾಕೆ ಎಂಬುದು ಇನ್ನೂ ಕಗ್ಗಂಟು.

ಅಂದಿನಿಂದ ಅವನು ತನ್ನ ಕನ್ನಡಿಯಲ್ಲಿ ಗಿರಾಕಿಯ ತಲೆಯ ಪಕ್ಕಕ್ಕೆ ಕಾಣುವ ಎದುರಂಗಡಿಯ ಮೇಲೆ ಕಣ್ಣಿಟ್ಟ. ಕತ್ತರಿ ಹಿಡಿದಾಗ ಎದುರಿನವನು ಬಾಚಣಿಗೆಗೆ ಬೆರಳೂರಿ, ಆ ಆಸರೆಯಲ್ಲೇ ಕೆಲಸ ಮಾಡುತ್ತಿದ್ದ. ಒಂದು ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫ್ಲಾಸ್ಕಿನಿಂದ ಟೀ ಬಗ್ಗಿಸಲು ಹೊರಟ. ಲೋಟದ ಸುತ್ತ ಟೀ ಚೆಲ್ಲಿತು. ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಬಾಗಿಲತ್ತ ಯಾರಾದರೂ ನೋಡಿದರೇ ಎಂದು ಕಳ್ಳನಂತೆ ಇಣುಕಿದ.

ತೂಗಣ್ಣನಿಗೆ ಆಗ ಹೊಳೆಯಿತು. ಕೈ ನಡುಗುವವನು ಗಂಟಲಿಗೆ ಕತ್ತಿ ಇಡುವುದಾದರೂ ಹೇಗೆ?

ಮರುಕ್ಷಣವೇ ಅನುಮಾನದ ಹುಳು ಮತ್ತೆ ತಲೆಯೆತ್ತಿತು: ನಾಟಕವೇನಾದರೂ ಇರಬಹುದೇ? ತಾನು ನೋಡುತ್ತಿರುವುದು ಅವನಿಗೆ ಗೊತ್ತಾಗಿ ಕರುಣೆ ಬರಲೆಂದು ಹೀಗೆ ಮಾಡಿದನೇ? ಆದರೆ ಗಾಜಿನ ಹಿಂದೆ ಆ ಮನುಷ್ಯ ಚೆಲ್ಲಿದ ಟೀಯನ್ನು ಟವೆಲಿನಿಂದ ಒರೆಸುತ್ತಿದ್ದ. ಒರೆಸುವಾಗಲೂ ಕೈಯ ನಡುಕ ನಿಲ್ಲಲಿಲ್ಲ.

ಈಗ ತೂಗಣ್ಣನ ಕೈಗೆ ಒಂದು ಮಾತು ಸಿಕ್ಕಿತ್ತು. ಬೆಂಚಿನ ಮೇಲೆ ಕೂತವರ ನಡುವೆ ಅದನ್ನು ಉದುರಿಸಿದರೆ ಸಾಕು, ಸಂಜೆಯೊಳಗೆ ಬೀದಿಯೆಲ್ಲ ಓಡಾಡಿ ಆ ಗಾಜಿನ ಬಾಗಿಲು ಮುಚ್ಚಿಸುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇವನು ಹೋದರೆ ಆ ಅಂಗಡಿ ಖಾಲಿ ಬೀಳುವುದಿಲ್ಲ, ಕೈ ಗಟ್ಟಿ ಇರುವ ಇನ್ನೊಬ್ಬ ಬರುತ್ತಾನೆ. ಬಂದವನು ಗಡ್ಡವನ್ನೂ ಬಿಡುವುದಿಲ್ಲ, ತಲೆಯನ್ನೂ ಬಿಡುವುದಿಲ್ಲ. ಬಾಯಿ ಮುಚ್ಚಿಕೊಳ್ಳುವುದೇ ಜಾಣತನ. ಹೆಂಡತಿಗೆ ಈ ಲೆಕ್ಕವನ್ನೆಲ್ಲ ವಿವರಿಸಿದ.

“ಅದೊಂದೇ ಕಾರಣಾನಾ?” ಎಂದು ಅವಳು ಅವನ ಮುಖವನ್ನೇ ನೋಡಿದಳು.

“ಮತ್ತೇನು?” ಎಂದ ತೂಗಣ್ಣ. ಆದರೆ ಅವಳ ಕಣ್ಣು ತಪ್ಪಿಸಿದ.

ಮಾರನೆಯ ದಿನ ಅವನು ಮತ್ತೆ ಬೀದಿ ದಾಟಿದ.

“ಗಡ್ಡದವರನ್ನ ನೀವು ಕಳಿಸಿ. ಕಟಿಂಗಿಗೆ ನನ್ನಲ್ಲಿ ಕಾಯೋರನ್ನ ನಾನು ಇಲ್ಲಿಗೆ ಕಳಿಸ್ತೀನಿ. ಯಾಕೆ ಅಂತ ಇಬ್ಬರೂ ಯಾರಿಗೂ ಹೇಳೋದು ಬೇಡ.”

ಎದುರಿನವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಇದರಲ್ಲಿ ನಿಮಗೇನು ಸಿಗುತ್ತೆ?” ಎಂದು ಕೇಳಿದ. ದನಿಯಲ್ಲಿ ಅನುಮಾನ ತುಂಬಿ ತುಳುಕುತ್ತಿತ್ತು.

ತೂಗಣ್ಣನಿಗೆ ನಗು ತಡೆಯಲಾಗಲಿಲ್ಲ. “ಯೋಚನೆ ಮಾಡಿ ನೋಡಿ. ಅವಸರ ಇಲ್ಲ.”

ಎದುರಿನವನು ಯೋಚಿಸಿದ, ಮಾತು ಉಳಿಸಿಕೊಳ್ಳುತ್ತಾನೋ ಎಂದು ತೂಗಣ್ಣನನ್ನು ಅವನೂ ಗಾಜಿನಾಚೆಯಿಂದ ಕಾದು ನೋಡಿದ. ಬೀದಿಯಲ್ಲಿ ಯಾವ ಸುದ್ದಿಯೂ ಹಬ್ಬಲಿಲ್ಲ. ಕಟಿಂಗಿನವರು ಒಬ್ಬೊಬ್ಬರಾಗಿ ಬೀದಿ ದಾಟತೊಡಗಿದರು. ಮಳೆಗಾಲ ಕಳೆಯುವ ಹೊತ್ತಿಗೆ ಎರಡೂ ಕುರ್ಚಿಗಳಿಗೆ ಬಿಡುವಿಲ್ಲದಂತಾಯಿತು.

ಆಮೇಲೊಂದು ದಿನ ಎದುರಿನವನೇ ಇವನ ಅಂಗಡಿಗೆ ಬಂದ. ಗಲ್ಲದ ಮೇಲೆ ಸ್ವಂತ ಕೈಯಿಂದ ಮಾಡಿಕೊಂಡ ಹಸಿ ಗಾಯವಿತ್ತು. ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿದ. ತೂಗಣ್ಣ ನೊರೆ ಹಚ್ಚಿ, ಹೊಸ ಬ್ಲೇಡ್ ಮುರಿದು ಕತ್ತಿಗೆ ಸೇರಿಸಿ, ಗಂಟಲಿನ ಬಳಿ ತಂದ. ತೂಗಣ್ಣ ಮುಖ ಒರೆಸುವ ತನಕವೂ ಎದುರಂಗಡಿಯವನು ಕತ್ತಿಯನ್ನೇ ನೋಡುತ್ತಿದ್ದ, ಕಣ್ಣು ಮುಚ್ಚಲಿಲ್ಲ.