ಸಾಹೇಬರು ಬರುತ್ತಾರೆಂದು ಸಾರಿಸಿದ ಮನೆ

ಸುರಪುರದ ಮಲ್ಲಾಬಾಯಿಯ ಮನೆಯ ನೆಲಕ್ಕೆ ಕಾಲಿಡಲು ಕೋಳಿಯೂ ಹೆದರುತ್ತಿತ್ತು. ಹತ್ತಿ ಬಿಡಿಸುವ ಕೂಲಿಗೆ ಹೋಗಿ ಎಷ್ಟೇ ದಣಿದು ಬಂದಿರಲಿ, ಕಸ ಹೊಡೆಯದೆ ಆಕೆ ಒಲೆ ಹಚ್ಚಿದವಳಲ್ಲ. ಹಾಗೆ ಮಾಡದವರನ್ನು ಕಂಡರೆ ಮೂಗು ಮುರಿಯುವಳು. ಆ ಸೊಕ್ಕೇ ಆಕೆಗೆ ಮುಳುವಾಯಿತು.

ಆಗಸ್ಟಿನಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆಗೆ ಮನೆಯ ಹಿಂದಿನ ಗೋಡೆ ಬಿತ್ತು. ಮಗಳು ದೇವಿಕಾ ಮುಂದಿನ ತಿಂಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳು. ಸರ್ಕಾರದ ಪರಿಹಾರ ಬಾರದೆ ಗೋಡೆ ಏಳುವಂತಿರಲಿಲ್ಲ. ಗೋಡೆಯಿಲ್ಲದ ಮನೆಯಲ್ಲಿ ಬಾಣಂತಿಯನ್ನು ಮಲಗಿಸುವುದು ಹೇಗೆ?

ಹಾನಿ ನೋಡಲು ನಾಳೆ ತಾಲ್ಲೂಕು ಕಚೇರಿಯ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಎದುರು ಮನೆಯ ಬಸವಂತ್ರಾಯ ಬುದ್ಧಿವಂತ. ಅವನಿಗೆ ಬಿದ್ದದ್ದು ಎಂದೋ ಹಾಳಾಗಿದ್ದ ದನದ ಕೊಟ್ಟಿಗೆ ಮಾತ್ರ. ಅದರ ಮಣ್ಣನ್ನೆಲ್ಲ ಬಾಗಿಲ ಮುಂದೆ ಎಳೆದು ಹಾಕಿ, ಹರಿದ ಬನಿಯನ್ ತೊಟ್ಟು, ತಲೆಯ ಮೇಲೆ ಕೈಹೊತ್ತು ಕುಳಿತ. ಮಲ್ಲಾಬಾಯಿಯೋ, ಮನೆಗೆ ಮಂದಿ ಬರುತ್ತಾರೆಂದು ಕೆಸರು ತೆಗೆದಳು, ಬಿದ್ದ ಕಲ್ಲುಗಳನ್ನು ಸಾಲಾಗಿ ಒಟ್ಟಿದಳು, ಗೋಡೆಯಿದ್ದ ಜಾಗಕ್ಕೆ ಹೊದೆಯುವ ಕೌದಿ ಕಟ್ಟಿದಳು, ನೆಲ ಸಾರಿಸಿ ರಂಗೋಲಿ ಹಾಕಿದಳು!

ಸಾಹೇಬರು ಬಸವಂತ್ರಾಯನದು ಪೂರ್ತಿ ಹಾನಿ ಎಂದು ಬರೆದುಕೊಂಡು, ಬಂದು ಈಕೆಯ ಚಹಾ ಕುಡಿದರು.

"ಮನಿ ಭಾಳ ಚಂದ ಇಟ್ಟಿ ನೋಡಮ್ಮ. ಹಾನಿ ಎಲ್ಲೈತಿ?"

ಆಕೆ ಕೌದಿ ಸರಿಸಿದಳು. ಆಚೆ ಬಯಲು.

"ಇದು ಹೊಸಾದು ಕಟ್ಟಾಕತ್ತಿದಂಗ ಕಾಣತೈತಿ. ಮೊಬೈಲಿನ್ಯಾಗ ಬಿದ್ದದ್ದು ಕಾಣಬೇಕು."

"ಗ್ವಾಡಿ ಇಲ್ಲದ್ದು ಕಣ್ಣಿಗೆ ಕಾಣವಲ್ದೇನ್ರಿ?"

"ಕಣ್ಣಿಗೆ ಕಾಣತೈತಿ. ಫೋಟೋದಾಗ ಕಾಣಂಗಿಲ್ಲ. ಆ ಕಲ್ಲು ಒಳಗ ಒಗಿ, ತೆಗೀತೀನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಈ ಪೂಜಾರಿಗೆ ಎರಡು ಕಣ್ಣಿದ್ದೂ ಇರಲಿಲ್ಲ. ಮಲ್ಲಾಬಾಯಿ ಮಗಳನ್ನು ನೆನೆದು, ಹಲ್ಲು ಕಚ್ಚಿ, ಒಂದೊಂದೇ ಕಲ್ಲು ಎತ್ತಿ ಹಸಿ ನೆಲಕ್ಕೆ ಒಗೆದಳು.

"ಸ್ವಲ್ಪ ಅತ್ತಂಗ ಮಾಡು," ಎಂದರು ಸಾಹೇಬರು.

"ಅಳೂದ ಬೇಕಂದ್ರ ನೀವ ಬಂದು ನಿಂತು ಅಳ್ರಿ. ಫೋಟೋ ನಾ ತೆಗೀತೀನಿ."

ಸಾಹೇಬರು ಮುಖ ಗಂಟು ಹಾಕಿಕೊಂಡೇ ಫೋಟೋ ತೆಗೆದರು. "ಮ್ಯಾಲಿನವರು ಬಂದು ನೋಡೂತನಕ ಹಿಂಗ ಇರಲಿ. ಒಂದ ಕಲ್ಲು ಸರಿಸಿದರೂ ಪಟ್ಟಿಯಾಗಿಂದ ಹೆಸರು ತೆಗೀತಾರ," ಎಂದು ಹೊರಟು ಹೋದರು.

ಬಸವಂತ್ರಾಯನ ಮನೆಗೆ ಹೊಸ ತಗಡು ಬಂತು. ಮೇಲಿನವರು ಮಾತ್ರ ಈ ಕಡೆ ತಲೆ ಹಾಕಲಿಲ್ಲ. ತುಂಬು ಬಸುರಿ ದೇವಿಕಾ ಬಂದಳು. ಕಲ್ಲುಗಳ ನಡುವೆ ಹೆಜ್ಜೆ ಹುಡುಕಿ ಹುಡುಕಿ ಇಟ್ಟು, ಮೂಲೆಯ ಕಸಬರಿಗೆಗೆ ಕೈ ಹಾಕಿದಳು. ಮಲ್ಲಾಬಾಯಿ ಓಡಿ ಬಂದು ಅದನ್ನು ಕಿತ್ತುಕೊಂಡಳು.

"ಯವ್ವಾ, ಮಳಿ ಇಷ್ಟೊಂದು ಕೆಡವಿತೇನು?"

"ಮಳಿ ಗ್ವಾಡಿ ಅಷ್ಟ ಕೆಡವಿತ್ತವ್ವ. ಮನಿ ನಾನ ಕೆಡವೀನಿ."