ಸೇಫ್ಟಿ ಶೂವಿನೊಳಗಿನ ಕಾಲುಂಗುರ

ಸೊಂಟ ನೋವು ಅಂತ ಹೋದವಳಿಗೆ ಡಾಕ್ಟರಮ್ಮ "ಕಾಲು ತೋರ್ಸಿ" ಅಂದಾಗಲೇ ನನಗೆ ಅನುಮಾನ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ಅಂದುಕೊಂಡೆ. ನಂಜನಗೂಡಿನ ಆ ಕ್ಲಿನಿಕ್ಕಿನ ಪಕ್ಕದಲ್ಲೇ ಒಂದು ಚಪ್ಪಲಿ ಅಂಗಡಿ. ಡಾಕ್ಟರಮ್ಮನಿಗೂ ಅಂಗಡಿಯವನಿಗೂ ಒಳಗೊಳಗೇ ಏನೋ ಇರಬೇಕು, ಈಗ ಮೆತ್ತನೆ ಚಪ್ಪಲಿ ಬರೆದುಕೊಡುತ್ತಾರೆ ನೋಡು ಅಂತ ಕಾದು ಕೂತೆ.

ಚಪ್ಪಲಿಯ ಮಾತೇ ಬರಲಿಲ್ಲ. ಬಲಗಾಲಿನ ಬೆರಳ ಸಂದಿಯನ್ನು ಅವರು ಒತ್ತಿದಾಗ ನಾನು ಕಿರುಚಿದೆ. ಕಾಲುಂಗುರದ ಅಡಿಯಲ್ಲಿ ಕಡಲೆಕಾಳಿನಷ್ಟು ಗಟ್ಟಿಯಾದ ಆಣಿ.

"ಈ ನೋವು ತಪ್ಪಿಸ್ಕೊಳ್ಳೋಕೆ ನೀವು ಪಾದದ ಹೊರಗಿನ ಅಂಚಿನ ಮೇಲೆ ನಿಲ್ತಿದ್ದೀರ. ಅದಕ್ಕೆ ಮಂಡಿ ತಿರುಗುತ್ತೆ, ಸೊಂಟ ಒಂದು ಕಡೆ ವಾಲುತ್ತೆ. ಶೂ ಹಾಕುವಾಗ ಉಂಗುರ ತೆಗೆದಿಡಿ," ಅಂದರು.

ತೆಗೆದಿಡಬೇಕಂತೆ. ಹೇಳುವವರಿಗೇನು, ಅವರ ಕಾಲಲ್ಲಿ ಉಂಗುರವೇ ಇರಲಿಲ್ಲ, ಅದನ್ನೂ ನೋಡಿಕೊಂಡೆ. ನಮ್ಮ ಸೋಸಲೆ ಕಡೆ ಹೆಂಗಸಿನ ಕಾಲುಂಗುರ ಬಿಚ್ಚುವುದು ಗಂಡ ತೀರಿಕೊಂಡ ದಿನ. ಬೇರೆ ಯಾವ ಕಾರಣಕ್ಕೂ ಬಿಚ್ಚಿದ್ದನ್ನು ನಾನು ಕಂಡಿಲ್ಲ. ನನ್ನವು ಸೋದರಮಾವ ನರಸೀಪುರದಲ್ಲಿ ಹೇಳಿ ಮಾಡಿಸಿದ್ದು, ಮೂರು ಸುತ್ತಿನ ದಪ್ಪ ಬೆಳ್ಳಿಯವು.

ಆ ಬೆಳ್ಳಿಯ ಸಮೇತ ನಾನು ದಿನಕ್ಕೆ ಎಂಟು ಗಂಟೆ ಸೇಫ್ಟಿ ಶೂ ಹಾಕಿ ನಿಲ್ಲುತ್ತಿದ್ದೆ. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ನನ್ನದು ಪ್ಯಾಕಿಂಗ್ ಕೆಲಸ. ಶೂವಿನ ಮುಂಭಾಗಕ್ಕೆ ಉಕ್ಕಿನ ಟೋಪಿ ಇರುತ್ತದೆ, ಬೆರಳು ಅತ್ತಿತ್ತ ಸರಿಯುವಂತಿಲ್ಲ. ಕಾಂಟ್ರಾಕ್ಟ್ ಮುಂದುವರಿಸುವ ತಿಂಗಳದು. ಸೂಪರ್‌ವೈಸರ್ ಎರಡು ಸಲ ನನ್ನ ಹಿಂದೆ ಬಂದು ನಿಂತು ಹೋಗಿದ್ದ. "ಅಕ್ಕ, ನಿಂತ್ಕಳಕಾಗಲ್ಲ ಅಂದ್ರೆ ಯೋಳ್ಬುಡಿ. ಗೇಟತ್ರ ಕಾಯ್ತಾವ್ರೆ ಜನ," ಅಂದಿದ್ದ. ಕೆಲಸ ಹೋದರೆ ಬೆಳಗಿನಿಂದ ಸಂಜೆವರೆಗೆ ಮನೆಯಲ್ಲಿ ನಾನು ಮತ್ತು ಅತ್ತೆ. ಅವರಿಗೂ ನನಗೂ ಜಗಳವೇನಿಲ್ಲ. ಆದರೆ ಅವರು ಮಾತು ಕಡಿಮೆ ಆಡಿ ಕಣ್ಣು ಜಾಸ್ತಿ ಆಡಿಸುವವರು, ಅಂಥವರನ್ನು ನಾನು ನಂಬುವುದಿಲ್ಲ.

ಕೊನೆಗೆ ಒಂದು ದಿನ ಕಾರ್ಖಾನೆಯ ಬಾತ್‌ರೂಮಿನಲ್ಲಿ ಸೋಪು ಹಚ್ಚಿ ಉಂಗುರ ಬಿಡಿಸಿ, ಕರ್ಚೀಫಿಗೆ ಗಂಟು ಹಾಕಿ ಬ್ಯಾಗಿನಲ್ಲಿಟ್ಟೆ. ಸಂಜೆ ಶಿಫ್ಟ್ ಮುಗಿದ ಕೂಡಲೇ ಮತ್ತೆ ತೊಟ್ಟೆ. ದಿನವೂ ಹಾಗೇ ಮಾಡತೊಡಗಿದೆ. ವಾರ ಕಳೆಯುವಷ್ಟರಲ್ಲಿ ಸೊಂಟ ಹಗುರವಾಯಿತು. ನಿಜ ಹೇಳುತ್ತೇನೆ, ಆಗಲೂ ನನಗೆ ಸಂತೋಷವಾಗಲಿಲ್ಲ. ಇಷ್ಟು ಸುಲಭವಾಗಿ ಹೋದ ನೋವು ಬೇರೆ ಎಲ್ಲಿಗೆ ಹೋಯಿತು ಅಂತ ಯೋಚನೆ ಹತ್ತಿತು.

ಎಂಟನೆಯ ದಿನ ಊಟದ ಹೊತ್ತಿಗೆ ಫೋನು ಬಂತು. ಕಪಿಲೆಯ ಸೇತುವೆ ಹತ್ತಿರ ಮರಳಿನ ಮೇಲೆ ಬೈಕು ಜಾರಿ ನನ್ನ ಗಂಡ ಬಿದ್ದಿದ್ದರು. ಮೊಣಕೈ ತರಚಿತ್ತು, ಅಷ್ಟೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ಬುದ್ಧಿ ಹೇಳಿತು. ನನ್ನ ಕೈ ಕೇಳಲಿಲ್ಲ, ಊಟದ ಡಬ್ಬಿ ಮುಚ್ಚುವ ಮೊದಲೇ ಬ್ಯಾಗಿನಿಂದ ಕರ್ಚೀಫು ತೆಗೆದಿತ್ತು. ಉಂಗುರ ತೊಟ್ಟೇ ಆ ಮಧ್ಯಾಹ್ನ ಶೂ ಹಾಕಿದೆ.

ಆಮೇಲೆ ತೆಗೆಯಲಿಲ್ಲ. ಹತ್ತೇ ದಿನಕ್ಕೆ ನೋವು ಬಡ್ಡಿ ಸಮೇತ ವಾಪಸು ಬಂತು. ಶನಿವಾರ ರಟ್ಟಿನ ಪೆಟ್ಟಿಗೆ ಎತ್ತುವಾಗ ಮಂಡಿ ಕುಸಿದು ಎಲ್ಲರೆದುರು ನೆಲಕ್ಕೆ ಕೂತುಬಿಟ್ಟೆ. "ಸೋಮವಾರ ನೋಡ್ತೀನಿ ಅಕ್ಕ. ಪೂರ್ತಿ ಶಿಫ್ಟ್ ನಿಂತ್ರೆ ಸರಿ, ಇಲ್ಲಾಂದ್ರೆ ಬೇರೆಯವ್ರನ್ನ ಆಕ್ಕತೀನಿ," ಅಂದ ಸೂಪರ್‌ವೈಸರ್.

ಭಾನುವಾರ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟಿದ್ದೆ. ಅತ್ತೆ ಬಂದು ಎದುರಿಗೆ ನಿಂತರು. ಅವರ ಕಣ್ಣು ನೇರ ನನ್ನ ಬೆರಳಿಗೇ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನು ಕಾಲೆತ್ತಿ ಸೀರೆಯೊಳಗೆ ಎಳೆದುಕೊಂಡೆ.

"ತೆಗ್ದಿದ್ದೆ ಅಲ್ವಾ?" ಅಂದರು.

"ಇಲ್ಲ."

"ಸುಳ್ಳ್ಯಾಕೆ ಯೋಳೀಯೆ? ಸೊಂಟ ನೆಟ್ಟಗೆ ಮಾಡ್ಕಂಡು ಒಂದ್ವಾರ ಓಡಾಡ್ದಲ್ಲ, ನಾ ನೋಡ್ನಿಲ್ವಾ?"

ಮಗ ಬಿದ್ದದ್ದಕ್ಕೆ ಈಗ ಲೆಕ್ಕ ಕೇಳುತ್ತಾರೆ ಅಂದುಕೊಂಡೆ. ಅವರು ಗೋಡೆ ಹಿಡಿದು ನಿಧಾನಕ್ಕೆ ನನ್ನ ಪಕ್ಕ ಕೂತರು.

"ನಂಗೂ ಅಂಗೇ ಇತ್ತು. ಗದ್ದೆ ಕೆಸ್ರಲ್ಲಿ ನಿಂತೂ ನಿಂತೂ ಉಂಗ್ರದ ಅಡೀಲಿ ಕೀವಾಗದು. ಇಪ್ಪತ್ತೊರ್ಸ ಮಂಡಿ ನೋವು. ಯಾವ್ ಎಣ್ಣೆ ತಿಕ್ಕುದ್ರೂ ಬಗ್ಗನಿಲ್ಲ."

"ಆಮೇಲೆ ಹೇಗೆ ಹೋಯ್ತು?"

ಅವರು ನನ್ನ ಕಡೆ ನೋಡಲಿಲ್ಲ. "ನಿಮ್ಮಾವ ತೀರ್ಕಂಡ್ರಲ್ಲ, ಆವತ್ತು ಉಂಗ್ರ ತೆಗುದ್ರು. ಮೂರು ತಿಂಗ್ಳಿಗೆ ಮಂಡಿ ನೋವೇ ಇಲ್ಲ."

ನಾನು ಸೀರೆಯೊಳಗಿದ್ದ ಕಾಲನ್ನು ಮೆಲ್ಲಗೆ ಮತ್ತೆ ನೀರಿಗೆ ಇಳಿಬಿಟ್ಟೆ.

"ಯಾರ್ಗೂ ಯೋಳ್ನಿಲ್ಲ ಕಣವ್ವ. ಗಂಡ ಸತ್ತು ಇವ್ಳು ಸುಖವಾದ್ಲು ಅಂತಾರಲ್ಲ! ನೋವಿಲ್ದಿದ್ರೂ ಜನದ ಮುಂದೆ ಕುಂಟ್ಕಂಡೇ ಓಡಾಡ್ದೆ, ಒಂದೊರ್ಸ." ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ಕೈ ಚಾಚಿದರು. "ಸೋಪು ಎಲ್ಲೈತೆ? ಅವ್ನು ನನ್ ಮಗ. ಏನೂ ಆಗಲ್ಲ ಅವ್ನ್ಗೆ. ಕಾಲಿತ್ತ ಕೊಡು."

ಅತ್ತೆಯ ಮಡಿಲಿಗೆ ಕಾಲು ಚಾಚಲು ನಾಚಿಕೆಯಾಯಿತು. ಆದರೂ ಕೊಟ್ಟೆ. ಎರಡೂ ಉಂಗುರ ಅವರೇ ಬಿಡಿಸಿದರು.

ಸೋಮವಾರ ಪೂರ್ತಿ ಶಿಫ್ಟ್ ನಿಂತೆ. ಪಾದ ಉರಿಯುತ್ತಿತ್ತು, ಸೊಂಟ ಎಳೆಯುತ್ತಿತ್ತು, ಆದರೆ ಬೀಳಲಿಲ್ಲ. ಸೂಪರ್‌ವೈಸರ್ ನೋಡಿ ಸುಮ್ಮನೆ ಹೋದ. ಸಂಜೆ ಮನೆಗೆ ಬಂದಾಗ ಅತ್ತೆ ಬೀದಿ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಅವರು ಎಂದೂ ಹಾಗೆ ನಿಲ್ಲುವವರಲ್ಲ. ನಾನು ಬ್ಯಾಗು ಇಳಿಸಿ ಪಕ್ಕಕ್ಕೆ ಹೋಗಿ ನಿಂತೆ. ನನ್ನ ಗಂಡನ ಬೈಕಿನ ಸದ್ದು ಕೇಳುವವರೆಗೂ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.